‘ಆರ್ಮಿ ವೈವ್ಸ್’ ನೋಡಿದವರು ಇದ್ದೀರಾ? ಮನೆಯಲ್ಲಿ ಕಾಯುವವರ ಕಥೆ ಮತ್ತು ಅದನ್ನು ಮಾಡಿದವರ ಬಗ್ಗೆ

ಟ್ರಂಕಿನ ಮಗಳು (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಜ್ವರ ಬಂದು ಹದಿನೈದು ದಿನ ಮನೆಯಲ್ಲೇ ಇದ್ದೆ. ಆಗ ‘ಆರ್ಮಿ ವೈವ್ಸ್’ ಅನ್ನೋ ಅಮೆರಿಕದ ಧಾರಾವಾಹಿ ನೋಡಲು ಕೂತೆ. 7 ಸೀಸನ್, 117 ಕಂತು. ಲೈಫ್‌ಟೈಮ್ ಚಾನೆಲ್‌ನಲ್ಲಿ 2007ರ ಜೂನ್ 3ಕ್ಕೆ ಶುರುವಾಗಿ 2013ರ ಜೂನ್‌ನಲ್ಲಿ ಮುಗಿದದ್ದು. ಹಳೆಯದು, ಗೊತ್ತು. ಆದರೂ ಇದರ ಬಗ್ಗೆ ಯಾರ ಹತ್ತಿರವಾದರೂ ಮಾತಾಡಲೇಬೇಕು ಅನ್ನಿಸಿದೆ.

ನಮ್ಮಪ್ಪ ಸೇನೆಯ ಎಂಇಜಿಯಲ್ಲಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಇದ್ದವರು, ನಾಯಬ್ ಸುಬೇದಾರ್ ಆಗಿ ನಿವೃತ್ತಿಯಾದರು. ಊರು ಅರಕಲಗೂಡು ಕಡೆ. ಪೀಸ್ ಪೋಸ್ಟಿಂಗ್ (ಶಾಂತ ಜಾಗ) ಬಂದರೆ ನಾವೂ ಜೊತೆಗೆ, ಫೀಲ್ಡ್ (ಗಡಿ ಕಡೆ) ಬಂದರೆ ನಾವು ಊರಿಗೆ. ಕರಿ ತಗಡಿನ ಟ್ರಂಕು, ಅದರ ಮೇಲೆ ಬಿಳಿ ಬಣ್ಣದಲ್ಲಿ ಅಪ್ಪನ ನಂಬರು, ಹೆಸರು. ಅದನ್ನು ಎಷ್ಟು ಸಲ ತುಂಬಿದ್ದೇವೋ, ಎಷ್ಟು ಸಲ ಖಾಲಿ ಮಾಡಿದ್ದೇವೋ.

1999ರ ಜೂನ್ ತಿಂಗಳು. ಅಪ್ಪ ಕಾಶ್ಮೀರದಲ್ಲಿ. ಕಾಶ್ಮೀರದಲ್ಲಿ ಎಲ್ಲಿ ಅಂತ ಗೊತ್ತಿಲ್ಲ, ಪತ್ರದಲ್ಲಿ ‘ಕೇರಾಫ್ 56 ಎಪಿಒ’ ಅನ್ನೋ ಸೇನಾ ಅಂಚೆಯ ವಿಳಾಸ ಮಾತ್ರ ಇರುತ್ತಿತ್ತು. ನಮ್ಮೂರ ಪೋಸ್ಟಣ್ಣ ಬರುತ್ತಿದ್ದದ್ದು ಬೆಳಗ್ಗೆ ಹನ್ನೊಂದಕ್ಕೆ. ಒಂದು ದಿನ ಸಂಜೆ ನಾಲ್ಕಕ್ಕೆ ಸೈಕಲ್ ಬೆಲ್ ಕೇಳಿಸಿತು. ಅಮ್ಮ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದರು. ಮೊರ ಹಿಡಿದ ಕೈ ಹಾಗೇ ನಿಂತುಹೋಯಿತು. ಸೈಕಲ್ ನಮ್ಮ ಮನೆ ಮುಂದೆ ನಿಂತಿತು. ಅಮ್ಮ ಏಳಲಿಲ್ಲ. ಪೋಸ್ಟಣ್ಣನಿಗೆ ಅರ್ಥವಾಗಿರಬೇಕು, ದೂರದಿಂದಲೇ ಕೂಗಿದರು: ‘ಅಕ್ಕಾ, ಮನಿಯಾರ್ಡರ್ ಕಣಕ್ಕಾ, ಬೆಳಗ್ಗೆ ಮಳೆ ಹಿಡ್ಕೊಂಡಿತ್ತು.’ ಅಮ್ಮ ಸಹಿ ಹಾಕಿದರು. ಒಳಗೆ ಹೋಗಿ ಅವರಿಗೆ ಕಾಫಿ ಮಾಡಿಕೊಟ್ಟರು. ಆಮೇಲೆ ಹಿತ್ತಲಿಗೆ ಹೋದವರು ತುಂಬಾ ಹೊತ್ತು ಬರಲೇ ಇಲ್ಲ.

ಈ ಧಾರಾವಾಹಿಯಲ್ಲಿ ಯುದ್ಧ ಕಡಿಮೆ, ಬಾಗಿಲು ಜಾಸ್ತಿ. ಬಾಗಿಲು ಯಾರು ತಟ್ಟಿದರು ಅನ್ನೋದೇ ಅಲ್ಲಿ ದೊಡ್ಡ ಸಂಗತಿ. ಕಥೆ ನಡೆಯೋದು ದಕ್ಷಿಣ ಕೆರೊಲಿನಾದ ಫೋರ್ಟ್ ಮಾರ್ಷಲ್ ಅನ್ನೋ ಕಲ್ಪಿತ ಸೇನಾ ನೆಲೆಯಲ್ಲಿ. ನಾಲ್ವರು ಹೆಂಡತಿಯರು, ಒಬ್ಬ ಗಂಡ. ಹೌದು, ಗಂಡ. ಅವನ ಹೆಂಡತಿ ಲೆಫ್ಟಿನೆಂಟ್ ಕರ್ನಲ್. ಇದನ್ನು ಮಾಡಿದವರಿಗೆ ನಮ್ಮ ಜಗಲಿಯ ವಿಷಯ ಹೇಗೆ ಗೊತ್ತಾಯಿತು ಅಂತ ನನಗೆ ಆಶ್ಚರ್ಯ. ಗೊತ್ತಿರುವವರು ಹೇಳಿ.

ರಾಲಿ ಕನ್ನಡಿಗ

ಅಕ್ಕ, ಪೋಸ್ಟಣ್ಣನ ಮಾತು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ.

ನಾನು ನಾರ್ತ್ ಕೆರೊಲಿನಾದಲ್ಲಿ ಇದ್ದೇನೆ. ಫೋರ್ಟ್ ಬ್ರ್ಯಾಗ್ ಅನ್ನೋ ಸೇನಾ ನೆಲೆ ಇಲ್ಲಿಂದ ದೂರ ಏನಿಲ್ಲ. ಈ ಧಾರಾವಾಹಿ ಹುಟ್ಟಿದ್ದು ಅಲ್ಲಿಂದಲೇ. ಆದರೆ ಅದರ ಹಿಂದಿನ ಕಥೆ ತುಂಬಾ ಕಹಿ. 2002ರ ಬೇಸಿಗೆಯಲ್ಲಿ ಸುಮಾರು ಆರು ವಾರದೊಳಗೆ ಆ ನೆಲೆಯ ನಾಲ್ವರು ಸೈನಿಕರ ಹೆಂಡತಿಯರು ಕೊಲೆಯಾದರು. ಕೊಂದವರು ಗಂಡಂದಿರೇ. ಆ ನಾಲ್ವರಲ್ಲಿ ಮೂವರು ಅಫ್ಘಾನಿಸ್ತಾನಕ್ಕೆ ಹೋಗಿ ಬಂದವರು. ಪಕ್ಕದ ಫಯೆಟ್‌ವಿಲ್‌ನ ಪತ್ರಿಕೆಯಲ್ಲಿ ಟಾನ್ಯಾ ಬಿಯಾಂಕ್ ಅನ್ನೋ ವರದಿಗಾರ್ತಿ ಇದನ್ನು ಬೆನ್ನು ಹತ್ತಿ ಬರೆದರು. ಆಮೇಲೆ ಸೇನೆಯ ಹೆಂಡತಿಯರ ಬದುಕಿನ ಬಗ್ಗೆ ಒಂದು ಪುಸ್ತಕವನ್ನೇ ಬರೆದರು, 2006ರಲ್ಲಿ ಬಂತು. ಧಾರಾವಾಹಿಗೆ ಅದೇ ಆಧಾರ.

ಮುಖ್ಯ ವಿಷಯ ಏನೆಂದರೆ, ಆಕೆ ಹೊರಗಿನವರಲ್ಲ. ಸೇನಾಧಿಕಾರಿಯ ಮಗಳು, ಸೇನಾಧಿಕಾರಿಯ ಹೆಂಡತಿ. ಆ ಮನೆಗಳಲ್ಲಿ ಯಾವ ಮಾತನ್ನು ಜೋರಾಗಿ ಆಡುತ್ತಾರೆ, ಯಾವುದನ್ನು ನುಂಗಿಕೊಳ್ಳುತ್ತಾರೆ ಅಂತ ಗೊತ್ತಿದ್ದವರು. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ. ಧಾರಾವಾಹಿ ಮಾಡಿದವರು ಊಹಿಸಿಕೊಂಡು ಶುರು ಮಾಡಲಿಲ್ಲ. ಒಳಗಿನಿಂದ ಬರೆದವರನ್ನು ಹಿಡಿದು ಶುರು ಮಾಡಿದರು.

ಇನ್ನೊಂದು ಹೇಳಬೇಕು. 2007ರ ಏಪ್ರಿಲ್‌ನಲ್ಲಿ ಅಮೆರಿಕ ಸರ್ಕಾರ ಇರಾಕ್, ಅಫ್ಘಾನಿಸ್ತಾನಕ್ಕೆ ಹೋಗುವ ತನ್ನ ಸೈನಿಕರ ಅವಧಿಯನ್ನು 12ರಿಂದ 15 ತಿಂಗಳಿಗೆ ಏರಿಸಿತು. ಜೂನ್‌ನಲ್ಲಿ ಈ ಧಾರಾವಾಹಿ ಬಂತು. ಇನ್ನೂ ಮೂರು ತಿಂಗಳು ಕಾಯಬೇಕು ಅಂತ ಆಗಷ್ಟೇ ತಿಳಿದ ಮನೆಗಳಲ್ಲಿ ಭಾನುವಾರ ರಾತ್ರಿ ಟಿವಿ ಹಾಕಿದರೆ ಇದೇ ಕಥೆ. ಮೊದಲ ಕಂತನ್ನು ಸುಮಾರು 35 ಲಕ್ಷ ಜನ ನೋಡಿದರು. ಆ ಚಾನೆಲ್‌ನ ಯಾವ ಧಾರಾವಾಹಿಯೂ ಅಲ್ಲಿಯವರೆಗೆ ಅಷ್ಟು ಜನರೊಂದಿಗೆ ಶುರುವಾಗಿರಲಿಲ್ಲ.

ಹಳೇ ಹವಾಲ್ದಾರ್, ವಿರಾಜಪೇಟೆ

ತಂಗಿ, ನಾನು 24 ವರ್ಷ ಸರ್ವಿಸ್ ಮಾಡಿದವನು. ಮಗಳು ಹಾಕಿಕೊಟ್ಟಳು ಅಂತ ಎರಡು ಸೀಸನ್ ನೋಡಿದ್ದೇನೆ. ನನಗೆ ಒಪ್ಪಿಗೆಯಾಗದ ವಿಷಯ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಕರ್ನಲ್ ಹೆಂಡತಿ ಕ್ಲೌಡಿಯಾ ಜಾಯ್. ಸಾದಾ ಸಿಪಾಯಿಯ ಹೆಂಡತಿ ರಾಕ್ಸಿ. ರಾಕ್ಸಿ ಮದುವೆಯಾಗಿ ಬಂದವಳು, ಅದೂ ನಾಲ್ಕು ದಿನದ ಪರಿಚಯದಲ್ಲಿ. ಇವರಿಬ್ಬರೂ ಒಂದೇ ಜಗಲಿಯಲ್ಲಿ ಕೂತು ನಗುನಗುತ್ತಾ ಮಾತಾಡುತ್ತಾರೆ. ಎಲ್ಲಿ ನಡೆಯುತ್ತದೆ ಇದು? ಯಾವ ದೇಶದ ಫೌಜಿನಲ್ಲೂ ಗಂಡನ ಭುಜದ ಮೇಲಿನ ನಕ್ಷತ್ರವನ್ನು ಹೆಂಡತಿಯೂ ಹೊತ್ತಿರುತ್ತಾಳೆ.

ನನ್ನ ಮನೆಯವಳು ಒಂದು ಸ್ಟೇಷನ್‌ನಲ್ಲಿ ವೆಲ್‌ಫೇರ್ ಮೀಟ್‌ಗೆ ಹೋಗಿದ್ದಳು. ಮುಂದಿನ ಸಾಲಿನ ಸೋಫಾ ಆಫೀಸರ್‌ಗಳ ಮನೆಯವರಿಗೆ. ಹಿಂದಿನ ಕುರ್ಚಿ ಜೆಸಿಒಗಳ (ಸುಬೇದಾರ್ ದರ್ಜೆಯವರ) ಮನೆಯವರಿಗೆ. ನಮ್ಮವರಿಗೆ ನೆಲದ ಮೇಲೆ ಹಾಸಿದ ದರಿ, ಅಂದರೆ ಜಮಖಾನ. ಮಗುವಿಗೆ ಜ್ವರ ಇತ್ತು, ಮನೆಗೆ ಹೋಗಲೇ ಅಂತ ಕೇಳಲು ಕೂಡ ಅವಳಿಗೆ ಬಾಯಿ ಬರಲಿಲ್ಲ. ಮೂರು ಗಂಟೆ ಮಗುವನ್ನು ಮಡಿಲಲ್ಲಿ ಇಟ್ಟುಕೊಂಡು ಕೂತು ಬಂದಳು. ಎಲ್ಲ ಕಡೆ ಹೀಗೆ ಅಂತ ಹೇಳುವುದಿಲ್ಲ. ಮುಂದಿನ ಪೋಸ್ಟಿಂಗ್‌ನಲ್ಲಿ ಸಿಒ ಸಾಹೇಬರ (ಘಟಕದ ಮುಖ್ಯ ಅಧಿಕಾರಿಯ) ಮನೆಯವರೇ ನಮ್ಮ ಕ್ವಾರ್ಟರ್ಸ್‌ಗೆ ಬಂದು ಬಾಣಂತಿಯನ್ನು ವಿಚಾರಿಸಿಕೊಂಡು ಹೋದದ್ದೂ ಇದೆ. ಆದರೆ ಬಂದವರು ಸ್ಟೂಲ್ ಮೇಲೆ ಕೂತರು, ಇವಳು ನಿಂತೇ ಇದ್ದಳು. ಆ ನಿಲ್ಲುವುದನ್ನು ಧಾರಾವಾಹಿ ತೋರಿಸಬೇಕಿತ್ತು.

ಟ್ರಂಕಿನ ಮಗಳು

ಅಣ್ಣ, ಬೇಜಾರು ಯಾಕೆ? ನೀವು ಹೇಳಿದ ದರಿ ನನಗೂ ಗೊತ್ತು. ಅಪ್ಪ ಜೆಸಿಒ ಆಗಿ ಅಮ್ಮ ದರಿಯಿಂದ ಕುರ್ಚಿಗೆ ಬಂದ ದಿನ ಮನೆಯಲ್ಲಿ ಪಾಯಸ ಮಾಡಿದ್ದರು.

ಆದರೆ ಮೊದಲ ಕಂತನ್ನು ಇನ್ನೊಂದು ಸಲ ನೋಡಿ. ಅವರು ಬೇಕಂತಲೇ ಒಂದು ಗಂಟು ಹಾಕಿದ್ದಾರೆ. ಆ ನಾಲ್ವರು ಹೆಂಡತಿಯರಲ್ಲಿ ಒಬ್ಬಳಾದ ಪ್ಯಾಮೆಲಾಗೆ ಸಾಲ ಜಾಸ್ತಿ. ದುಡ್ಡಿಗಾಗಿ ಬೇರೆಯವರ ಮಗುವನ್ನು ಹೊತ್ತಿರುತ್ತಾಳೆ, ನೆಲೆಯಲ್ಲಿ ಯಾರಿಗೂ ಗೊತ್ತಾಗಬಾರದು. ಬಾರ್‌ನಲ್ಲಿ ಹೆರಿಗೆ ನೋವು ಬಂದು ಅಲ್ಲಿನ ಪೂಲ್ ಟೇಬಲ್ ಮೇಲೇ ಅವಳಿ ಮಕ್ಕಳು ಹುಟ್ಟುತ್ತವೆ. ಅಲ್ಲಿದ್ದವರೆಲ್ಲ ಆ ಗುಟ್ಟು ಕಾಪಾಡಬೇಕಾಗುತ್ತದೆ. ರ‍್ಯಾಂಕು ಬೇರೆಬೇರೆ ಇರುವ ಇವರು ಒಟ್ಟಿಗೆ ಕೂರುವುದಕ್ಕೆ ಒಂದು ಕಾರಣ ಬೇಕು ಅಂತ ಅವರಿಗೂ ಗೊತ್ತಿತ್ತು ಅಲ್ವಾ? ಸೈನಿಕನ ಸಂಬಳದಲ್ಲಿ ಸಾಲ ತೀರದ ಮನೆ ಅಂತ ತೋರಿಸಿದ್ದು ನನಗೆ ಸಣ್ಣ ವಿಷಯ ಅನ್ನಿಸಲಿಲ್ಲ. ಧ್ವಜ, ಬ್ಯಾಂಡು ತೋರಿಸುವುದು ಸುಲಭ. ಬಡ್ಡಿ ತೋರಿಸುವುದು ಕಷ್ಟ.

ಆದರೂ ನಿಮ್ಮ ಮಾತು ನಿಜ. ಆ ಗುಟ್ಟಿನ ಬಿಸಿ ಆರಿದ ಮೇಲೆ ರ‍್ಯಾಂಕಿನ ಅಂತರವನ್ನು ಅವರು ಮರೆತೇಬಿಟ್ಟರು.

ಎಪಿಸೋಡ್ ಬರೆಯುವವನು

ನಾನು ಕನ್ನಡ ಧಾರಾವಾಹಿಗಳಿಗೆ ಸಂಭಾಷಣೆ ಬರೆಯುತ್ತೇನೆ. ಮಾಡಿದವರ ಬಗ್ಗೆ ಕೇಳಿದ್ದೀರಿ, ನನಗೆ ಗೊತ್ತಿರುವುದನ್ನು ಹೇಳುತ್ತೇನೆ.

ಇದನ್ನು ರೂಪಿಸಿದ್ದು ಕ್ಯಾಥರಿನ್ ಫ್ಯೂಗೇಟ್. ನಿರ್ಮಾಣ ಮಾರ್ಕ್ ಗಾರ್ಡನ್ ಅವರ ಕಂಪನಿ ಮತ್ತು ಎಬಿಸಿ ಸ್ಟುಡಿಯೋಸ್. ಗಾರ್ಡನ್ ಜೊತೆ ಡೆಬೊರಾ ಸ್ಪೆರಾ ಕೂಡ ಕಾರ್ಯಕಾರಿ ನಿರ್ಮಾಪಕಿ. ಮುಂದೆ ಜೆಫ್ ಮೆಲ್ವಾಯಿನ್ ಶೋರನ್ನರ್ ಆಗಿ ನಡೆಸಿದರು. ಶೋರನ್ನರ್ ಅಂದರೆ ಬರಹಗಾರರ ತಂಡಕ್ಕೂ ಅವನೇ ಮುಖ್ಯಸ್ಥ, ಚಿತ್ರೀಕರಣ, ಸಂಕಲನಕ್ಕೂ ಅವನದೇ ಕೊನೆಯ ಮಾತು. ನಮ್ಮಲ್ಲಿ ಆ ಕುರ್ಚಿಯೇ ಇಲ್ಲ. ಕಥೆ ಒಬ್ಬರದು, ಚಿತ್ರಕಥೆ ಇನ್ನೊಬ್ಬರದು, ಮಾತು ನನ್ನದು, ತಿರುವು ಚಾನೆಲ್‌ನವರದು.

ಮಾರ್ಕ್ ಗಾರ್ಡನ್ ವಿಷಯ ಗಮನಿಸಿ. 1998ರ ‘ಸೇವಿಂಗ್ ಪ್ರೈವೇಟ್ ರಯಾನ್’ ನಿರ್ಮಾಪಕರಲ್ಲಿ ಅವರೂ ಒಬ್ಬರು. ಆ ಸಿನಿಮಾ ಅಂದರೆ ಎಲ್ಲರಿಗೂ ಸಮುದ್ರ ತೀರದ ಗುಂಡಿನ ಸುರಿಮಳೆ ನೆನಪಾಗುತ್ತದೆ. ನನಗೆ ನೆನಪಿರುವುದು ಅದರ ನಂತರದ ಒಂದು ದೃಶ್ಯ. ಹೊಲದ ನಡುವಿನ ಮನೆ. ತಾಯಿ ಅಡುಗೆಮನೆಯಲ್ಲಿ ಇದ್ದಾಳೆ. ಕಿಟಕಿಯಾಚೆ ದೂರದಲ್ಲಿ ಒಂದು ಕಾರು ಧೂಳೆಬ್ಬಿಸಿಕೊಂಡು ಬರುತ್ತದೆ. ಅವಳು ಹೊರಗೆ ಬಂದು ನಿಲ್ಲುತ್ತಾಳೆ, ಹಾಗೇ ಕುಸಿದು ಕೂರುತ್ತಾಳೆ. ಒಂದು ಮಾತಿಲ್ಲ. ಒಂಬತ್ತು ವರ್ಷದ ನಂತರ ಅದೇ ನಿರ್ಮಾಪಕರ ಕಂಪನಿ ಆ ಅಡುಗೆಮನೆಯೊಳಗೇ ಕ್ಯಾಮೆರಾ ಇಟ್ಟು 117 ಕಂತು ಮಾಡಿತು ಅಂತ ನನಗೆ ಅನ್ನಿಸುತ್ತದೆ.

ಚಿತ್ರೀಕರಣ ನಡೆದದ್ದು ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ ಸುತ್ತಮುತ್ತ. ಅಲ್ಲಿನ ನೌಕಾನೆಲೆ 1996ರಲ್ಲಿ ಮುಚ್ಚಿತ್ತು. ಅಧಿಕಾರಿಗಳ ಮನೆಗಳು, ಮರದ ಸಾಲು, ಅಗಲ ರಸ್ತೆ ಎಲ್ಲ ಹಾಗೇ ಉಳಿದಿದ್ದವು. ಲಾಸ್ ಏಂಜಲೀಸ್‌ನ ಸ್ಟುಡಿಯೋದಲ್ಲಿ ಸೆಟ್ ಹಾಕುವುದು ಬಿಟ್ಟು ಅಷ್ಟು ದೂರ ಹೋದದ್ದರ ಲಾಭ ಪರದೆ ಮೇಲೆ ಕಾಣುತ್ತದೆ. ಆ ಜಗಲಿಗಳ ಮೇಲೆ ನಿಜವಾಗಿಯೂ ಜನ ಕಾದಿದ್ದರು.

ಮೊದಲ ಸೀಸನ್ 13 ಕಂತು ಅಷ್ಟೇ. ಅದರ ಕೊನೆಯಲ್ಲಿ ಹೆಂಡತಿ ಮೇಲಿನ ಸಿಟ್ಟಿಗೆ ಒಬ್ಬ ಸೈನಿಕ ಮೈಗೆ ಬಾಂಬು ಕಟ್ಟಿಕೊಂಡು ಬಾರಿಗೆ ಬರುತ್ತಾನೆ. ಸ್ಫೋಟ. ಯಾರು ಸತ್ತರು ಅಂತ ಹೇಳದೆ ಮುಗಿಸಿದರು. 2007ರ ಆಗಸ್ಟ್‌ನಿಂದ 2008ರ ಜೂನ್‌ವರೆಗೆ ನೋಡುಗರು ಕಾಯಬೇಕಾಯಿತು. ಸತ್ತದ್ದು ಕ್ಲೌಡಿಯಾ ಜಾಯ್‌ಳ ಮಗಳು ಅಮಾಂಡಾ. ಮೊದಲು ಇದು ನನಗೆ ಸುಮ್ನೆ ಕುತೂಹಲಕ್ಕೆ ಹಾಕಿದ ತಿರುವು ಅನ್ನಿಸಿತ್ತು. ರಾಲಿಯವರು 2002ರ ವಿಷಯ ಬರೆದದ್ದು ಓದಿದ ಮೇಲೆ ಅಭಿಪ್ರಾಯ ಬದಲಾಯಿತು. ಯುದ್ಧ ಮನೆಯೊಳಗೇ ಬಂದು ಸಿಡಿಯಿತು ಅನ್ನೋದೇ ಆ ಪುಸ್ತಕದ ಮೂಲ ನೋವು.

ಹುಬ್ಬಳ್ಳಿಯಿಂದ

ನಮ್ಮ ಮನೆಯವರು ಈಗ ಫೀಲ್ಡ್‌ನಲ್ಲಿ ಇದ್ದಾರೆ. ಎಲ್ಲಿ ಅಂತ ಬರೆಯೋದಿಲ್ಲ.

ಅಕ್ಕ, ನಿಮ್ಮಮ್ಮನಿಗೆ ಸೈಕಲ್ ಬೆಲ್. ನನಗೆ ವಾಟ್ಸಾಪ್‌ನ ಒಂದು ಟಿಕ್. ಒಂದೇ ಟಿಕ್ ಇದ್ದರೆ ಸಂದೇಶ ತಲುಪಿಲ್ಲ ಅಂತ. ಪೋಸ್ಟ್ ಮೇಲೆ ಹೋದಾಗ ಆರು ದಿನ, ಎಂಟು ದಿನ ಒಂದೇ ಟಿಕ್. ಮಗನ ಶಾಲೆಯ ಫೋಟೋ, ಹಾಲಿನ ಲೆಕ್ಕ, ಅತ್ತೆಯ ಬಿಪಿ, ಎಲ್ಲ ಕಳಿಸುತ್ತಾ ಹೋಗುತ್ತೇನೆ. ನೆಟ್‌ವರ್ಕ್ ಬಂದ ದಿನ ಒಟ್ಟಿಗೆ ನೂರು ಸಂದೇಶಕ್ಕೆ ಎರಡು ಟಿಕ್ ಬೀಳುತ್ತದೆ. ಅದನ್ನು ನೋಡುತ್ತಾ ಕೂತರೆ ಅನ್ನ ಸೀದದ್ದೂ ಗೊತ್ತಾಗೋದಿಲ್ಲ.

ನಮ್ಮ ಜಿಲ್ಲೆಯವರು 2016ರ ಫೆಬ್ರವರಿ ಮರೆಯೋದಿಲ್ಲ. ಸಿಯಾಚಿನ್‌ನಲ್ಲಿ ಹಿಮಕುಸಿತ, ಮದ್ರಾಸ್ ರೆಜಿಮೆಂಟಿನ ಹತ್ತು ಸೈನಿಕರು ಸಿಕ್ಕಿಕೊಂಡರು. ಅದರಲ್ಲಿ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಒಬ್ಬರು. ಹತ್ತೂ ಜನ ಹೋದರು ಅಂದುಕೊಂಡಿದ್ದಾಗ 25 ಅಡಿ ಹಿಮದ ಕೆಳಗೆ ಅವರು ಜೀವಂತ ಸಿಕ್ಕರು. ಫೆಬ್ರವರಿ 11ಕ್ಕೆ ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಆ ಮೂರು ದಿನ ಇಡೀ ನಾಡು ಟಿವಿ ಮುಂದೆ ಇತ್ತು. ಆಗ ನನಗೆ ಮದುವೆ ಆಗಿರಲಿಲ್ಲ. ನಾನೂ ಊಟದ ತಟ್ಟೆ ಹಿಡಿದುಕೊಂಡು ಟಿವಿ ನೋಡಿದವಳೇ. ಈಗ ನೆನೆಸಿಕೊಂಡರೆ ಬೇರೆ ಥರ ಕಾಣುತ್ತದೆ. ಕ್ಯಾಮೆರಾ ಬಂದದ್ದು ಸಾವು ಬಾಗಿಲಿಗೆ ಬಂದಾಗ. ಅದಕ್ಕೆ ಮುಂಚಿನ ವರ್ಷಗಳ ಕಾಯುವಿಕೆಗೆ ಯಾವ ಕ್ಯಾಮೆರಾವೂ ಬರೋದಿಲ್ಲ. ಈ ಧಾರಾವಾಹಿ ನನಗೆ ಇಷ್ಟವಾದದ್ದು ಅದಕ್ಕೇ. ಆ ಹೆಂಡತಿಯರಲ್ಲಿ ಇನ್ನೊಬ್ಬಳು ಡೆನೀಸ್ ಬಟ್ಟೆ ಮಡಚುತ್ತಾಳೆ, ಕೆಲಸಕ್ಕೆ ಹೋಗುತ್ತಾಳೆ, ಮಗನ ಏಟು ತಿಂದು ಕೈ ಮುಚ್ಚಿಕೊಳ್ಳುತ್ತಾಳೆ. ಅದೇ ಮಗ ಮುಂದೆ ಸೈನ್ಯ ಸೇರುತ್ತಾನೆ, ಐದನೇ ಸೀಸನ್‌ನಲ್ಲಿ ಅಫ್ಘಾನಿಸ್ತಾನದಲ್ಲಿ ಸಾಯುತ್ತಾನೆ. ಆ ಕಂತು ನೋಡಿದ ರಾತ್ರಿ ಮಗನ ಪಕ್ಕ ಮಲಗಿದೆ.

ಹಾಂ, ಆ ಒಬ್ಬ ಗಂಡ ರೋಲಂಡ್‌ನ ಪಾತ್ರ ಮಾಡಿದವರು ಸ್ಟರ್ಲಿಂಗ್ ಕೆ. ಬ್ರೌನ್. ಆಮೇಲೆ ಎಮ್ಮಿ ಪ್ರಶಸ್ತಿ ಗೆದ್ದರು. ಹೆಂಡತಿ ಯುದ್ಧಕ್ಕೆ ಹೋಗುತ್ತಾಳೆ, ಈತ ಮನೆಯಲ್ಲಿ ಮಗು ನೋಡಿಕೊಳ್ಳುತ್ತಾನೆ. ನಮ್ಮ ಮನೆಯವರಿಗೆ ತೋರಿಸಿದೆ. ‘ಪಾಪ, ಅವನಿಗೆ ಮಾತಾಡೋಕೆ ಯಾರೂ ಇಲ್ಲ’ ಅಂದರು.

ರಾಲಿ ಕನ್ನಡಿಗ

ಬಾಗಿಲ ವಿಷಯಕ್ಕೆ ಒಂದು ಸೇರಿಸುತ್ತೇನೆ. ಸೇನಾ ಸಮವಸ್ತ್ರದವರೇ ಮನೆಗೆ ಬಂದು ಸಾವಿನ ಸುದ್ದಿ ಹೇಳುವ ಪದ್ಧತಿ ಇಲ್ಲಿ ಮೊದಲಿನಿಂದ ಇರಲಿಲ್ಲ. ವಿಯೆಟ್ನಾಂ ಯುದ್ಧದ ಶುರುವಿನಲ್ಲಿ ಟೆಲಿಗ್ರಾಂ ಬರುತ್ತಿತ್ತು, ಅದನ್ನು ತಲುಪಿಸುತ್ತಿದ್ದದ್ದು ಟ್ಯಾಕ್ಸಿ ಚಾಲಕರು. 1965ರ ನವೆಂಬರ್‌ನಲ್ಲಿ ಇಯಾ ಡ್ರಾಂಗ್ ಕಣಿವೆಯ ಕಾಳಗವಾದಾಗ ಜಾರ್ಜಿಯಾದ ಫೋರ್ಟ್ ಬೆನ್ನಿಂಗ್ ಸುತ್ತ ಹಳದಿ ಟ್ಯಾಕ್ಸಿಗಳು ಮನೆಮನೆಗೆ ಹೋದವು. ಅಲ್ಲಿ ಕಾಳಗದಲ್ಲಿದ್ದ ಅಧಿಕಾರಿ ಹಾಲ್ ಮೂರ್ ಅವರ ಹೆಂಡತಿ ಜೂಲಿಯಾ ಮೂರ್ ಆ ಮನೆಗಳಿಗೆಲ್ಲ ಹೋಗಿ ಜೊತೆಗೆ ಕೂತರು, ಅಂತ್ಯಕ್ರಿಯೆಗಳಿಗೆ ಹೋದರು. ಈ ಪದ್ಧತಿ ಸರಿಯಿಲ್ಲ ಅಂತ ಮೇಲಿನವರಿಗೆ ಹೇಳಿದರು. ಆ ಒತ್ತಾಯದಿಂದಲೇ ಸೇನೆ ತನ್ನವರನ್ನು ಕಳಿಸುವ ವ್ಯವಸ್ಥೆ ಮಾಡಿತು.

ಹವಾಲ್ದಾರ್ ಸರ್, ಅವರೂ ಅಧಿಕಾರಿಯ ಹೆಂಡತಿಯೇ. ನಿಂತವರ ಜೊತೆ ನಿಂತವರು. ಕ್ಲೌಡಿಯಾ ಜಾಯ್ ಪಾತ್ರ ನೋಡುವಾಗ ನನಗೆ ಅವರೇ ನೆನಪಾಗುತ್ತಿದ್ದರು.

ಹಳೇ ಹವಾಲ್ದಾರ್, ವಿರಾಜಪೇಟೆ

ಇದು ಗೊತ್ತಿರಲಿಲ್ಲ ಸರ್. ಮನೆಯವಳಿಗೆ ಓದಿ ಹೇಳಿದೆ. ‘ಅಂಥವರು ಒಬ್ಬರಿದ್ದರೆ ಸಾಕು’ ಅಂದಳು.

ಟ್ರಂಕಿನ ಮಗಳು

ಏಳನೇ ಸೀಸನ್ ಬಗ್ಗೆ ನನಗೆ ಸಿಟ್ಟಿದೆ. ಕ್ಲೌಡಿಯಾ ಜಾಯ್ ಪಾತ್ರ ಮಾಡಿದ ಕಿಮ್ ಡೆಲೇನಿ ಧಾರಾವಾಹಿ ಬಿಟ್ಟರು. ಹೃದಯದ ತೊಂದರೆಯಿಂದ ಆಕೆ ಸತ್ತಳು ಅಂತ ಪರದೆಯ ಹಿಂದೆಯೇ ಮುಗಿಸಿದರು. ಆರು ವರ್ಷ ಎಲ್ಲರ ದುಃಖಕ್ಕೂ ಬಾಗಿಲು ತೆರೆದವಳು. ಅವಳಿಗೆ ಒಂದು ಕೊನೆಯ ದೃಶ್ಯವೂ ಇಲ್ಲ. ನಟಿ ಇಲ್ಲದಿದ್ದರೆ ಏನು ಮಾಡುವುದು ಅಂತ ಬರಹಗಾರರು ಕೇಳಬಹುದು. ಅವಳ ಖಾಲಿ ಜಗಲಿಯನ್ನಾದರೂ ಒಂದು ನಿಮಿಷ ತೋರಿಸಬಹುದಿತ್ತು. ಅದಕ್ಕೆ ನಟಿ ಬೇಕಿಲ್ಲ.

ನಮ್ಮಲ್ಲಿ ಇಂಥದ್ದು ಯಾಕೆ ಬಂದಿಲ್ಲ? 1989ರಲ್ಲಿ ದೂರದರ್ಶನದಲ್ಲಿ ಬಂದ ‘ಫೌಜಿ’ ನಮ್ಮ ಅಪ್ಪಅಮ್ಮನ ಕಾಲದವರಿಗೆ ತುಂಬಾ ಇಷ್ಟ. ಅದನ್ನು ಮಾಡಿದ ರಾಜ್ ಕುಮಾರ್ ಕಪೂರ್ ಸ್ವತಃ ಕರ್ನಲ್ ಆಗಿದ್ದವರು, ಆ ಒಳಗಿನ ತಿಳಿವು ಅದರಲ್ಲಿ ಇತ್ತು. ಆದರೆ ಅದು ತರಬೇತಿಯ ಕಥೆ, ಹುಡುಗರ ಕಥೆ. ಕೊಡಗು, ಹಾಸನ, ಧಾರವಾಡ, ಬೆಳಗಾವಿ ಕಡೆಯ ಎಷ್ಟು ಮನೆಗಳಲ್ಲಿ ಆ ಟ್ರಂಕು ಇದೆ!

ಎಪಿಸೋಡ್ ಬರೆಯುವವನು

ಕಾರಣ ಹೇಳುತ್ತೇನೆ. ನಮ್ಮದು ದಿನಾ ಬರುವ ಧಾರಾವಾಹಿ. ವಾರಕ್ಕೆ ಐದಾರು ಕಂತು. ಇವತ್ತು ಬರೆದದ್ದು ನಾಳೆ ಶೂಟಿಂಗ್. ಒಂದೇ ಮನೆಯ ಸೆಟ್ಟಿನಲ್ಲಿ ಎಲ್ಲ ನಡೆಯಬೇಕು. ಅವರಿಗೆ 13 ಕಂತಿಗೆ ತಿಂಗಳುಗಟ್ಟಲೆ ಸಮಯ. ಕಾಯುವವರ ಕಥೆಗೆ ಮೌನ ಬೇಕು, ನಮ್ಮಲ್ಲಿ ಮೌನ ಬಂದ ಕಡೆ ಟಿಆರ್‌ಪಿ ಬೀಳುತ್ತದೆ ಅಂತ ಹಿನ್ನೆಲೆ ಸಂಗೀತ ತುಂಬುತ್ತಾರೆ. ಬ್ರಿಟನ್‌ನಲ್ಲೂ 1991ರಿಂದ 1997ರವರೆಗೆ ಸೈನಿಕರ ಮತ್ತು ಅವರ ಮನೆಯವರ ಬಗ್ಗೆ ‘ಸೋಲ್ಜರ್ ಸೋಲ್ಜರ್’ ಅಂತ ಬಂತು. ಅದನ್ನು ಹುಟ್ಟುಹಾಕಿದ ಲೂಸಿ ಗ್ಯಾನನ್ ಮಿಲಿಟರಿ ಪೊಲೀಸ್‌ನಲ್ಲಿ ಕೆಲಸ ಮಾಡಿದವರು. ನೋಡಿ, ಎಲ್ಲಿ ಸರಿಯಾಗಿ ಬಂದಿದೆಯೋ ಅಲ್ಲಿ ಒಳಗಿನವರು ಒಬ್ಬರು ಇದ್ದಾರೆ.

ಆದರೆ ಈಗ ಓಟಿಟಿಗೆ ಎಂಟು ಹತ್ತು ಕಂತಿನ ಕಥೆ ಕೇಳುವವರು ಇದ್ದಾರೆ. ಒಂದು ವರ್ಷದಿಂದ ನನ್ನ ತಲೆಯಲ್ಲಿ ಒಂದು ಸೇನಾ ಕ್ವಾರ್ಟರ್ಸ್ ಕಥೆ ಇದೆ. ಇವತ್ತು ಇದನ್ನೆಲ್ಲ ಓದಿದ ಮೇಲೆ ಬರೆದಿಟ್ಟ ನಲವತ್ತು ಪುಟ ಪಕ್ಕಕ್ಕೆ ಇಟ್ಟೆ. ಅದರಲ್ಲಿ ಗುಂಡಿನ ಸದ್ದೇ ಜಾಸ್ತಿ ಇತ್ತು. ಟ್ರಂಕಿನ ಮಗಳು ಅವರೇ, ನಿಮ್ಮ ತಾಯಿಯವರ ಹತ್ತಿರ ಒಂದು ದಿನ ಮಾತಾಡಬಹುದೇ? ಹವಾಲ್ದಾರ್ ಸರ್, ನಿಮ್ಮ ಮನೆಯವರ ಹತ್ತಿರವೂ. ಹುಬ್ಬಳ್ಳಿಯವರನ್ನು ಈಗ ಕೇಳುವುದಿಲ್ಲ. ಅವರ ಮನೆಯವರು ವಾಪಸ್ ಬಂದ ಮೇಲೆ ನೋಡೋಣ.

ಹಳೇ ಹವಾಲ್ದಾರ್, ವಿರಾಜಪೇಟೆ

ಬನ್ನಿ. ಮಳೆಗಾಲ ಮುಗಿದ ಮೇಲೆ ಬನ್ನಿ, ಈಗ ರಸ್ತೆ ಸರಿಯಿಲ್ಲ. ದರಿಯ ವಿಷಯ ಅವಳೇ ಹೇಳಲಿ, ನಾನು ಹೊರಗೆ ಹೋಗಿರುತ್ತೇನೆ. ನಾನಿದ್ದರೆ ಪೂರ್ತಿ ಹೇಳೋದಿಲ್ಲ.

ಟ್ರಂಕಿನ ಮಗಳು

ಅಮ್ಮನನ್ನು ಕೇಳಿದೆ. ಮೊದಲು ‘ನನ್ನ ಹತ್ತಿರ ಏನಿದೆ ಹೇಳೋಕೆ’ ಅಂದರು. ರಾತ್ರಿ ಊಟ ಆದ ಮೇಲೆ ಅವರೇ ಟ್ರಂಕು ತೆಗೆದರು. ಅಪ್ಪನ ಇನ್‌ಲ್ಯಾಂಡ್ ಪತ್ರಗಳು ತಾರೀಖಿನ ಪ್ರಕಾರ ಕಟ್ಟಿಟ್ಟಿವೆ, 1999ರ ಕಟ್ಟು ಬೇರೆ. ಪತ್ರ ಕೈಗೆ ಕೊಡೋದಿಲ್ಲವಂತೆ, ಫೋಟೋ ತೆಗೆಯುವ ಹಾಗಿಲ್ಲ. ಅವರೇ ಓದಿ ಹೇಳುತ್ತಾರಂತೆ, ಬೇಡವಾದ ಕಡೆ ಬಿಟ್ಟು ಓದುತ್ತಾರಂತೆ. ಭಾನುವಾರ ಬೇಡ, ಅವತ್ತು ಅಪ್ಪ ಮನೆಯಲ್ಲಿ ಇರುತ್ತಾರೆ. ಸೋಮವಾರ ಎರಡು ಗಂಟೆ ಮೇಲೆ ಬನ್ನಿ. ಊಟಕ್ಕೆ ಬರುವುದಾದರೆ ಮೊದಲೇ ಹೇಳಬೇಕು ಅಂದಿದ್ದಾರೆ.